ಕಿಲಾರಿ ಮಾವನ ಕಣ್ಣು

ದೇವಸಮುದ್ರದಲ್ಲಿ ಬಸ್ಸಿಳಿದು ಗುಡ್ಡದ ಕಡೆ ಮುಖ ಮಾಡಿ ನಡೆದರೆ, ಶೇಂಗಾ ಹೊಲಗಳು ಮುಗಿದು ಜಾಲಿಯ ಕುರುಚಲು ಶುರುವಾಗುವ ಜಾಗದಲ್ಲಿ ಒಂದು ಹಟ್ಟಿಯಿದೆ. ಆ ಹಟ್ಟಿಯಿಂದ ಡಾಕ್ಟರಾದವನು ಅಂಜನನೊಬ್ಬನೇ. ಅದೂ ಕಣ್ಣಿನ ಡಾಕ್ಟರು. ಕಣ್ಣಿನಲ್ಲಿಯೂ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಕೂತಿರುವ ಕಾರ್ನಿಯಾ ಎಂಬ ಪೊರೆಯೊಂದನ್ನೇ ಹಿಡಿದು ಇನ್ನೂ ಓದುತ್ತಿದ್ದನು. ಹಟ್ಟಿಯವರಿಗೆ ಇದು ಮುಗಿಯದ ಓದಿನಂತೆ ಕಂಡಿತ್ತು.

"ಡಾಕ್ಟ್ರಿಕೆ ಓದಿದ್ದಾತು, ಕಣ್ಣಿಂದು ಓದಿದ್ದಾತು, ಇನ್ನೂ ಓದ್ತಾನಂತಲ್ಲೇ ಉಚ್ಚಂಗೆಮ್ಮ! ನಿನ್ನ ಮಗ ದಡ್ಡ ಇರ್ಬೇಕು ಬಿಡು," ಎಂದು ನೀರಿನ ತೊಟ್ಟಿಯ ಬಳಿ ಹೆಂಗಸರು ಅವನ ತಾಯಿಯನ್ನು ರೇಗಿಸುತ್ತಿದ್ದರು.

"ಹೂಂ ಕಣ್ರವ್ವ, ದಡ್ಡನೇ. ಜಾಣ ಆಗಿದ್ರೆ ನಿಮ್ ಜತೆ ಮಾತಾಡ್ಕಂಡು ಇಲ್ಲೇ ಕೂತಿರ್ತಿದ್ದ," ಎಂದು ಉಚ್ಚಂಗೆಮ್ಮ ಕೊಡವನ್ನು ಸೊಂಟಕ್ಕೇರಿಸಿ ನಡೆದುಬಿಡುತ್ತಿದ್ದಳು.

ಆ ಓದಿಗೆ ಫೆಲೋಶಿಪ್ ಎಂದು ಹೆಸರು. ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ಶಾಂತಕುಮಾರಿಯವರ ಕೈಕೆಳಗೆ ಅಂಜನನೂ, ಮೈಸೂರು ಕಡೆಯ ಕಾವ್ಯ ಎಂಬವಳೂ ಕಲಿಯುತ್ತಿದ್ದರು. ಬೆಳಗಿನ ಹೊತ್ತು ಲೇಸರ್ ಕೋಣೆ. ಮದುವೆ ಗೊತ್ತಾದ ಹುಡುಗಿಯರೂ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ಹುಡುಗರೂ ಕನ್ನಡಕ ಬಿಡಿಸಿಕೊಳ್ಳಲು ಅಲ್ಲಿ ಸಾಲಾಗಿ ಕೂತಿರುತ್ತಿದ್ದರು. ಅವರ ಕಾರ್ನಿಯಾದ ದಪ್ಪವನ್ನು ಅಳೆದು, ಯಾರಿಗೆ ಲೇಸರ್ ಸಲ್ಲುತ್ತದೆ, ಯಾರನ್ನು ಕನ್ನಡಕದೊಂದಿಗೇ ಮನೆಗೆ ಕಳಿಸಬೇಕು ಎಂದು ತೀರ್ಮಾನಿಸುವುದೇ ಅರ್ಧ ವಿದ್ಯೆ. ಮಧ್ಯಾಹ್ನ ಹೊಲಿಗೆಯ ಅಭ್ಯಾಸ. ಮಟನ್ ಅಂಗಡಿಯಿಂದ ಐಸಿನ ಡಬ್ಬಿಯಲ್ಲಿ ತರಿಸಿದ ಕುರಿಯ ಕಣ್ಣನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ತಲೆಗೂದಲಿಗಿಂತಲೂ ತೆಳುವಾದ ದಾರದಿಂದ ಹೊಲಿಯಬೇಕು. ಬಿಗಿ ಹೆಚ್ಚಾದರೆ ಪೊರೆ ಸುಕ್ಕುಗಟ್ಟುತ್ತದೆ; ಕಡಿಮೆಯಾದರೆ ಒಳಗಿನ ನೀರು ಸೋರುತ್ತದೆ. ಕುರಿಗಳ ನಡುವೆಯೇ ಬೆಳೆದ ಅಂಜನನಿಗೆ ಮೊದಲ ದಿನ ಆ ಕಣ್ಣು ತನ್ನನ್ನು ಗುರುತು ಹಿಡಿದು ನೋಡುತ್ತಿದೆಯೇನೋ ಎನ್ನಿಸಿತ್ತು. ಆಮೇಲೆ ರೂಢಿಯಾಯಿತು.

ಕುರಿಯ ಕಣ್ಣಿನಿಂದ ಮನುಷ್ಯನ ಕಣ್ಣಿಗೆ ಬರುವುದು ಸುಲಭದ ಮಾತಲ್ಲ. ಮೊದಲು ಮೇಡಂ ಹೊಲಿಯುವಾಗ ಕಣ್ಣಿನ ಮೇಲೆ ನೀರು ಹನಿಸುತ್ತ ಕೂಡಬೇಕು. ಆಮೇಲೆ ಕಡೆಯ ಒಂದೆರಡು ಹೊಲಿಗೆಗೆ ಕೈ ಕೊಡುತ್ತಾರೆ. ಕೆಟ್ಟ ಕಾರ್ನಿಯಾ ತೆಗೆದು ದಾನವಾಗಿ ಬಂದದ್ದನ್ನು ಹೊಲಿಯುವ ಪೂರ್ತಿ ಕಸಿಯನ್ನು ತಾನೇ ಮಾಡುವ ದಿನಕ್ಕಾಗಿ ಕಾಯಬೇಕು. ಕಾವ್ಯಳಿಗೆ ಆ ದಿನ ದೀಪಾವಳಿಗೆ ಮುಂಚೆಯೇ ಬಂದಿತ್ತು. ಅಂಜನನಿಗೆ ಸಂಕ್ರಾಂತಿ ಹತ್ತಿರವಾದರೂ ಬಂದಿರಲಿಲ್ಲ. ಅವಳು ಹೆಮ್ಮೆ ತೋರಿಸುವವಳಲ್ಲ. ಅದೇ ಅವನಿಗೆ ಇನ್ನೂ ಚುಚ್ಚುತ್ತಿತ್ತು.

"ಸುಲಭದ ಕಣ್ಣು ಒಂದು ಸಿಗಲಿ, ನಿನಗೇ ಕೊಡುತ್ತೇನೆ," ಎಂದಿದ್ದರು ಮೇಡಂ. ಆಗ ಅಂಜನನಿಗೆ ನೆನಪಾದವನು ಸೋದರಮಾವ ಜೋಗಪ್ಪ.

ಜೋಗಪ್ಪ ಹಟ್ಟಿಯ ಕಿಲಾರಿ. ಹಟ್ಟಿಯಲ್ಲಿ ದೇವರಿಗೆ ಬಿಟ್ಟ ದನಗಳಿವೆ. ಅವುಗಳ ಹೆಗಲಿಗೆ ನೊಗವಿಲ್ಲ, ಮೂಗಿಗೆ ದಾರವಿಲ್ಲ. ಮುಳ್ಳಿನ ಬೇಲಿ ಹಾಕಿದ ರೊಪ್ಪದಲ್ಲಿ ಅವು ರಾತ್ರಿ ಕಳೆಯುತ್ತವೆ. ಅವನ್ನು ಬೆಳಿಗ್ಗೆ ಮೇಯಲು ಬಿಟ್ಟು, ಸಂಜೆ ಕೂಡಿಕೊಂಡು, ಹಗಲಿರುಳೂ ಜತೆಗಿರುವವನೇ ಕಿಲಾರಿ. ಆ ಹಟ್ಟಿಯಲ್ಲಿ ಕಿಲಾರಿಗೆ ಕಟ್ಟುಗಳು ಬಹಳ. ಎಲ್ಲಕ್ಕಿಂತ ದೊಡ್ಡ ಕಟ್ಟು ಸಾವಿನದು. ಕೋಲು ಹಿಡಿದ ದಿನದಿಂದ ಅವನು ಹೆಣ ಮುಟ್ಟುವಂತಿಲ್ಲ, ಸಾವಾದ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಸಾವು ಸೋಕಿದ ಕಿಲಾರಿ ಕೋಲು ಇಳಿಸಿದಂತೆಯೇ, ಮತ್ತೆ ಎತ್ತುವುದಿಲ್ಲ.

ಅಂಜನನಿಗೆ ಇದು ಕೇಳಿ ತಿಳಿದ ಸಂಗತಿಯಲ್ಲ. ಅವನ ತಾತ, ಎಂದರೆ ಜೋಗಪ್ಪನ ತಂದೆ, ತೀರಿಕೊಂಡಾಗ ಅವನು ಶಾಲೆಗೆ ಹೋಗುವ ಹುಡುಗ. ಹೆಣವನ್ನು ಹೊತ್ತು ಹೊರಟಾಗ ಎಲ್ಲರೂ ಇದ್ದರು, ಹಿರಿಯ ಮಗನೊಬ್ಬನಿರಲಿಲ್ಲ. ಜೋಗಪ್ಪನು ದೂರದ ದಿಬ್ಬದ ಮೇಲೆ ದನಗಳ ನಡುವೆ ಕಂಬಳಿ ಹೊದ್ದು ನಿಂತಿದ್ದನು. ಮಣ್ಣು ಮುಚ್ಚುವವರೆಗೂ ನಿಂತಿದ್ದು, ಆಮೇಲೆ ದನಗಳನ್ನು ಗುಡ್ಡದ ಕಡೆಗೆ ತಿರುಗಿಸಿಕೊಂಡು ಹೋದನು. "ಮಾವ ಯಾಕವ್ವ ಬರ್ಲಿಲ್ಲ?" ಎಂದು ಅಂಜನನು ಕೇಳಿದ್ದಕ್ಕೆ ಉಚ್ಚಂಗೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅವ್ನು ಎಂಗ್ ಬರ್ತಾನಪ್ಪ, ದೇವರ ದನ ಕಾಯೋನು," ಎಂದಿದ್ದಳು.

ಆ ಜೋಗಪ್ಪನ ಬಲಗಣ್ಣಿಗೆ ಹಿಂದೆಂದೋ ಜಾಲಿಮುಳ್ಳು ಬಡಿದು ಹೂ ಬಿದ್ದಿತ್ತು. ಕರಿಗುಡ್ಡೆಯ ಮೇಲೆ ಬಿಳಿಯ ಕಲೆ ಕೂತರೆ ಹೂ ಬಿತ್ತೆನ್ನುವುದು ನಮ್ಮ ಕಡೆಯ ಮಾತು. ಎಡಗಣ್ಣಿನಲ್ಲಿ ಅವನು ದಿನ ದೂಡುತ್ತಿದ್ದನು. ಈಚೆಗೆ ಆ ಕಣ್ಣಿನ ನರವೂ ಒಣಗುತ್ತ ಬಂದು, ಅಕ್ಕಪಕ್ಕದ್ದು ಕಾಣದೆ, ಕೊಳವೆಯೊಳಗಿಂದ ನೋಡಿದ ಹಾಗಾಗಿತ್ತು. ಒಂದು ದಿನ ಕರುವೊಂದು ಹಳೆಯ ಕಲ್ಲುಕ್ವಾರಿಯ ಹೊಂಡಕ್ಕೆ ಜಾರಿತು. ಪಕ್ಕದಲ್ಲೇ ಇದ್ದ ಜೋಗಪ್ಪನಿಗೆ ಅದು ಕಾಣಲಿಲ್ಲ. ತಾಯಿಹಸು ಅರಚಿದ್ದರಿಂದ ಜನ ಓಡಿಬಂದು ಕರುವನ್ನು ಮೇಲೆತ್ತಿದರು. ಅಂದಿನಿಂದ ಹಟ್ಟಿಯಲ್ಲಿ ಗುಸುಗುಸು ಎದ್ದಿತು. ಜೋಗಪ್ಪನ ಕೈಯಿಂದ ಕೋಲು ತೆಗೆದು ದಾಯಾದಿ ಜುಂಜಣ್ಣನಿಗೆ ಕೊಡುವುದು ಒಳ್ಳೆಯದೆಂದು ಕೆಲವರೆಂದರು. ಬದುಕಿನುದ್ದಕ್ಕೂ ಬೇರೆ ಯಾವ ಕೆಲಸವನ್ನೂ ಮಾಡದ, ಮದುವೆಯನ್ನೂ ಆಗದ ಮನುಷ್ಯ ಅವನು. ಆ ಮಾತು ಕಿವಿಗೆ ಬಿದ್ದ ಮೇಲೆ ಊಟ ಕಡಿಮೆ ಮಾಡಿದನು.

ಚಳ್ಳಕೆರೆಯಲ್ಲಿ ಆಸ್ಪತ್ರೆಯವರು ತಿಂಗಳಿಗೊಮ್ಮೆ ನಡೆಸುತ್ತಿದ್ದ ತಪಾಸಣೆಗೆ ಅಂಜನನೇ ಅವನನ್ನು ಕರೆಸಿಕೊಂಡನು. ಬಲಗಣ್ಣಿನ ಕಲೆ ನಡುವೆ ಮಾತ್ರ ಇತ್ತು. ಸುತ್ತ ರಕ್ತನಾಳ ಬೆಳೆದಿರಲಿಲ್ಲ. ಹಿಂದಿನ ನರ ಗಟ್ಟಿಯಾಗಿತ್ತು. ಶಾಂತಕುಮಾರಿಯವರು ಅಂಜನನ ಬೆನ್ನು ತಟ್ಟಿ, "ಇದೇ ನಿನ್ನ ಕಣ್ಣು," ಎಂದರು.

ಸಂಕ್ರಾಂತಿ ಕಳೆದ ಮೇಲೆ ಜೋಗಪ್ಪನು ತಂಗಿಯೊಂದಿಗೆ ಬೆಂಗಳೂರಿಗೆ ಬಂದು ಆಸ್ಪತ್ರೆ ಸೇರಿದನು. ಮರುದಿನ ಬೆಳಿಗ್ಗೆ ನೇತ್ರಭಂಡಾರದಿಂದ ಒಂದು ಕಾರ್ನಿಯಾ ಬಂತು. ಅಂಥದ್ದು ಬಹಳ ದಿನ ಕಾಯುವುದಿಲ್ಲ. ಇವನಿಗಲ್ಲದಿದ್ದರೆ ಸಾಲಿನಲ್ಲಿರುವ ಇನ್ನೊಬ್ಬರಿಗೆ.

ಆಸ್ಪತ್ರೆಯಲ್ಲಿ ರೇಣುಕಮ್ಮ ಎಂಬ ಹೆಂಗಸು ಕೆಲಸಕ್ಕಿದ್ದಳು. ಸಾವಾದ ಮನೆಗೆ ಹೋಗಿ ಕಣ್ಣು ಕೊಡುವಿರಾ ಎಂದು ಕೈಮುಗಿದು ಕೇಳುವವಳೂ ಅವಳೇ; ಆ ಕಣ್ಣು ಯಾರಿಗೆ ಹೋಗುತ್ತದೋ ಅವರ ಎದುರು ಕೂತು, "ಇದು ತೀರಿಕೊಂಡವರೊಬ್ಬರ ಕಣ್ಣು, ಅವರ ಮನೆಯವರು ಒಪ್ಪಿ ಕೊಟ್ಟಿದ್ದಾರೆ, ನಿಮಗೆ ಒಪ್ಪಿಗೆಯೇ?" ಎಂದು ಕೇಳುವವಳೂ ಅವಳೇ. ಅವಳು ಕುರ್ಚಿ ಎಳೆದುಕೊಂಡು ಜೋಗಪ್ಪನ ಹಾಸಿಗೆಯ ಬಳಿ ಕೂಡುವಷ್ಟರಲ್ಲಿ ಅಂಜನನು ಅಡ್ಡಬಂದನು.

"ನಾನೇ ಹೇಳ್ತೀನಿ ರೇಣುಕಮ್ಮ. ನಮ್ಮ ಮಾವ ಇವರು. ಮನೆಮಾತು ತೆಲುಗು, ಅದರಲ್ಲಿ ಹೇಳಿದರೆ ಚೆನ್ನಾಗಿ ಹಿಡಿಸುತ್ತೆ."

"ಸರಿ ಸಾರ್, ನಿಮಗಿಂತ ಚೆನ್ನಾಗಿ ನಾನೇನು ಹೇಳ್ತೀನಿ," ಎಂದು ಅವಳು ಪಕ್ಕಕ್ಕೆ ಸರಿದು ನಿಂತಳು.

ಅಂಜನನು ತೆಲುಗಿನಲ್ಲಿ ಹೇಳತೊಡಗಿದನು. ಕೆಟ್ಟ ಗಾಜು ತೆಗೆದು ಒಳ್ಳೆಯ ಗಾಜು ಕೂಡಿಸುತ್ತೇವೆ ಎಂದನು. ಹೊಲಿಗೆಯ ಮಾತು, ವರ್ಷಗಟ್ಟಲೆ ಹಾಕಬೇಕಾದ ಹನಿಮದ್ದಿನ ಮಾತು, ಕಣ್ಣು ಉಜ್ಜಬಾರದೆಂಬ ಮಾತು ಎಲ್ಲವನ್ನೂ ಹೇಳಿದನು. ಜೋಗಪ್ಪನು ತಲೆದೂಗುತ್ತ ಕೇಳಿ, ಕಡೆಗೆ ಕೇಳಿದನು:

"ಆ ಗಾಜು ಎಲ್ಲಿಂದ ತರ್ತೀರೋ ಅಲ್ಲುಡಾ?" ಅಲ್ಲುಡು ಎಂದರೆ ಅಳಿಯ. ಹುಟ್ಟಿದಾಗಿನಿಂದ ಅವನು ಅಂಜನನನ್ನು ಹಾಗೆಯೇ ಕರೆದಿದ್ದನು.

"ಇಲ್ಲೇ ಇರ್ತೈತೆ ಮಾವ. ಫ್ರಿಜ್ಜಿನಾಗೆ ಇಟ್ಟಿರ್ತಾರೆ."

"ಮಿಷನ್ನಾಗೆ ಮಾಡಿದ್ದಾ?"

ಆ ಒಂದು ಗಳಿಗೆಯಲ್ಲಿ ಅಂಜನನಿಗೆ ದಿಬ್ಬದ ಮೇಲಿನ ಕಂಬಳಿ ಕಾಣಿಸಿತು. ನಿಜ ಹೇಳಿದರೆ ಮಾವನು ಎದ್ದು ಕೂರುವನು; ಹಟ್ಟಿಗೆ ಹೋಗಿ ಯಜಮಾನ ಪೆದ್ದಣ್ಣನನ್ನು ಕೇಳಿಕೊಂಡು ಬರುತ್ತೇನೆನ್ನುವನು. ಅಷ್ಟರೊಳಗೆ ಕಾರ್ನಿಯಾ ಬೇರೆಯವರ ಪಾಲಾಗುವುದು. ಮಾವನು ಕುರುಡನಾಗಿ ಕೂಡುವನು. ಹೀಗೆಲ್ಲ ಅವನು ಮನಸ್ಸಿಗೆ ಹೇಳಿಕೊಂಡನು. ಆದರೆ ಅದರ ಕೆಳಗೆ ಇನ್ನೊಂದು ಮಾತಿತ್ತು: ಮೇಜು ಸಿದ್ಧವಾಗಿದೆ, ಇವತ್ತು ಕೈ ತನ್ನದು.

"ಹೂಂ ಮಾವ," ಎಂದನು.

ಜೋಗಪ್ಪನು ಹೆಬ್ಬೆಟ್ಟು ಒತ್ತಿದನು. "ಎಲ್ಲಾ ಹೇಳಿದ್ರಾ ಸಾರ್?" ಎಂದು ತೆಲುಗು ಬಾರದ ರೇಣುಕಮ್ಮ ಕೇಳಿದಳು. "ಎಲ್ಲಾ ಹೇಳ್ದೆ," ಎಂದು ಅಂಜನನು ಉತ್ತರಿಸಿದನು. ಮೂಲೆಯಲ್ಲಿ ಕೂತಿದ್ದ ಉಚ್ಚಂಗೆಮ್ಮನಿಗೆ ಆ ಗಾಜಿನ ವಿಷಯ ತಿಳಿದಿರಲಿಲ್ಲ. ಮಗನು ಹೇಳಿದ್ದೇ ಅವಳಿಗೂ ನಿಜ.

ಶಸ್ತ್ರಚಿಕಿತ್ಸೆ ಬಲು ಚೆನ್ನಾಗಿ ಆಯಿತು. ಮೇಡಂ ಎದುರಿನ ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಕೂತಿದ್ದರು, ಒಮ್ಮೆಯೂ ಕೈ ಚಾಚಲಿಲ್ಲ. ಹೊಲಿಗೆಗಳು ಸೂರ್ಯನ ಕಿರಣಗಳಂತೆ ಸುತ್ತಲೂ ಸಮನಾಗಿ ಕೂತವು. ಮರುದಿನ ಪಟ್ಟಿ ಬಿಚ್ಚಿದಾಗ ಜೋಗಪ್ಪನು ಮಂಜಿನೊಳಗಿಂದ ಕಂಡವನಂತೆ ತಂಗಿಯ ಮುಖವನ್ನು ನೋಡಿ, "ಏನೇ ಉಚ್ಚಂಗಿ, ಇಷ್ಟು ಮುದುಕಿ ಆಗಿಬಿಟ್ಟಿದ್ದೀಯಾ!" ಎಂದನು. ವಾರ್ಡಿನವರೆಲ್ಲ ನಕ್ಕರು. "ನೀನೇನು ಎಳೇ ಹುಡುಗನಾ?" ಎಂದು ಅವಳು ಅಳುತ್ತಲೇ ಬೈದಳು. ಕಾವ್ಯ ಬಂದು ಅಂಜನನ ಕೈ ಕುಲುಕಿದಳು. ನಗುವವರ ನಡುವೆ ಅವನೂ ನಕ್ಕನು. ಸಂಜೆ ಮಾತ್ರ ವಾರ್ಡಿನ ಕಡೆ ಹೋಗದೆ ಹಾಸ್ಟೆಲಿನ ಕೋಣೆಯಲ್ಲಿ ಒಬ್ಬನೇ ಕೂತನು.

ಬೇಸಿಗೆ ಬಂದು ಹೋಯಿತು. ಜೋಗಪ್ಪನು ಮೊದಲಿನಂತೆ ರೊಪ್ಪಕ್ಕೆ ಹೋದನು, ದನ ಬಿಟ್ಟನು. ಹಟ್ಟಿಯಲ್ಲಿ ಜುಂಜಣ್ಣನ ಮಾತು ತಣ್ಣಗಾಯಿತು. ಫೋನಿನಲ್ಲಿ ಉಚ್ಚಂಗೆಮ್ಮ, "ನಿಮ್ಮಾವ ಈಗ ಗುಡ್ಡದ ತುದೀಲಿ ಮೇಯೋ ದನದ ಬಣ್ಣ ಹೇಳ್ತಾನೆ ಕಣಪ್ಪ. ಎಲ್ರೂ ನಿನ್ನ ಹೆಸರು ಹೇಳ್ತಾರೆ," ಎನ್ನುವಳು. "ಹೌದಾ," ಎಂದು ಅವನು ಬೇರೆ ಮಾತಿಗೆ ಹೊರಳುವನು. ಯುಗಾದಿಗೆ ಊರಿಗೆ ಹೋಗಲಿಲ್ಲ. ರಜೆ ಸಿಗಲಿಲ್ಲವೆಂದು ಹೇಳಿದನು, ರಜೆ ಸಿಕ್ಕಿತ್ತು.

ಆಗಸ್ಟ್ ತಿಂಗಳ ಕೊನೆಗೆ ನೇತ್ರದಾನದ ಪಾಕ್ಷಿಕ ಬಂತು. ಆ ಸಲದ ಸಭೆಯನ್ನು ಚಳ್ಳಕೆರೆಯಲ್ಲಿ ಮಾಡೋಣವೆಂದು ಶಾಂತಕುಮಾರಿಯವರು ತಾವೇ ಹೊರಟರು. "ನಿನ್ನ ಊರ ಕಡೆ, ನಿನ್ನ ಕೈಯ ಮೊದಲ ಕಸಿ. ಆ ಅಜ್ಜನನ್ನು ವೇದಿಕೆಗೆ ಕರೆಯೋಣ," ಎಂದರು. ಅಂದೇ ಹೇಳಿಬಿಡಬಹುದಾಗಿತ್ತು. ಅಂಜನನು ಬಾಯಿ ತೆರೆದನು. "ಒಳ್ಳೇದು ಮೇಡಂ," ಎಂಬ ಮಾತು ಹೊರಗೆ ಬಂತು. ಆಮೇಲೆ ತಾಯಿಗೆ ಫೋನು ಮಾಡಿ, "ಮಾವ ಬರೋದು ಬ್ಯಾಡವ್ವ, ಬಿಸಿಲು ಧೂಳು ಕಣ್ಣಿಗಾಗಲ್ಲ," ಎಂದನು. ಅಷ್ಟರಲ್ಲಿ ರೇಣುಕಮ್ಮ ಫೋನು ಮಾಡಿ ಬಸ್ಸಿನ ಹೊತ್ತನ್ನೂ ಹೇಳಿ ಆಗಿತ್ತು. "ನಿಮ್ಮ ಡಾಕ್ಟ್ರಮ್ಮ ಕರೆದವ್ರೆ, ಹೋಗ್ದೇ ಇದ್ರೆ ಹೆಂಗೆ?" ಎಂದು ಜೋಗಪ್ಪನು ರುಮಾಲು ಒಗೆಸಿಕೊಂಡು ಕಾಯುತ್ತಿದ್ದನು.

ಸಭೆಗೆ ಜನ ತುಂಬಿದ್ದರು. ಹಟ್ಟಿಯಿಂದಲೂ ಒಂದು ಟಂಟಂ ಆಟೋದ ತುಂಬ ಬಂದಿದ್ದರು. ಮುಂದಿನ ಸಾಲಿನಲ್ಲಿ ಕಣ್ಣು ಕೊಟ್ಟ ಮನೆಗಳವರು ಕೂತಿದ್ದರು; ಪರಶುರಾಂಪುರ ಕಡೆಯ ಅನ್ನಪೂರ್ಣಮ್ಮ ಎಂಬವರು ಗಂಡನ ಫೋಟೋವನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಮೇಡಂ ಜೋಗಪ್ಪನ ಕೈಹಿಡಿದು ವೇದಿಕೆಗೆ ಹತ್ತಿಸಿ, ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದರು.

"ಅಜ್ಜಾ, ನಿಮಗೆ ಕಣ್ಣು ಕೊಟ್ಟು ಹೋದರಲ್ಲ, ಆ ಪುಣ್ಯಾತ್ಮರಿಗೆ ಒಂದು ಮಾತು ಹೇಳಿ."

"ಇಗಾ ಇಲ್ಲೇ ನಿಂತಾನಲ್ಲವ್ವ ನಮ್ಮ ಅಳಿಯ. ಅವ್ನೇ ಕೊಟ್ಟಿದ್ದು."

ಜನ ನಕ್ಕರು. ಮೇಡಂ ಕೂಡ ನಕ್ಕರು. "ಆಪರೇಷನ್ ಮಾಡಿದ್ದು ಅವನು ಅಜ್ಜ. ಕಣ್ಣು ಕೊಟ್ಟವರು ಬೇರೆ."

"ಯಾರವ್ವ ಅವರು? ಎಲ್ಲಿಗೋದ್ರು? ಕರೀರಿ, ಕಾಲಿಗೆ ಬೀಳ್ತೀನಿ."

"ತೀರಿಹೋದರು ಅಜ್ಜ. ಸತ್ತ ಮೇಲೆ ಅವರ ಮನೆಯವರು ಕಣ್ಣು ದಾನ ಮಾಡಿದರು. ಅದನ್ನೇ ನಿಮಗೆ ಹಾಕಿರೋದು. ಅಂಜನ್ ಹೇಳಿದ್ದಾನಲ್ಲ?"

ಮೈಕಿನಲ್ಲಿ ಆ ಮಾತು ಸಭೆಯ ಕೊನೆಯ ಸಾಲಿನವರೆಗೂ ಹೋಯಿತು. ಹಟ್ಟಿಯವರೂ ಕೇಳಿದರು. ಜೋಗಪ್ಪನು ನಿಧಾನವಾಗಿ ತಿರುಗಿ, ಅಂಜನನನ್ನು ನೋಡಿ, ತೆಲುಗಿನಲ್ಲಿ ತಗ್ಗಿದ ದನಿಯಲ್ಲಿ, "ನಿಜವೇನೋ?" ಎಂದನು. ಅಂಜನನು ನೆಲ ನೋಡಿದನು. ಅಷ್ಟು ಜನರ ಮುಂದೆ ತಾನು ಬೆತ್ತಲೆ ನಿಂತಿರುವಂತೆ ಅವನಿಗೆ ಅನ್ನಿಸಿತು.

ಜೋಗಪ್ಪನು ಅರಚಲಿಲ್ಲ. ಮುಂದಿನ ಸಾಲಿನ ಅನ್ನಪೂರ್ಣಮ್ಮನನ್ನೂ ಅವರ ಮಡಿಲ ಫೋಟೋವನ್ನೂ ನೋಡಿ ಎರಡೂ ಕೈ ಜೋಡಿಸಿದನು. "ಯಾರೇ ಕೊಟ್ಟಿರ್ಲಿ ತಾಯಿ, ದೊಡ್ಡ ಮನಸ್ಸಿನೋರು," ಎಂದನು. ಆಮೇಲೆ ಮೆಟ್ಟಿಲನ್ನು ಕಾಲಿನಿಂದ ತಡವುತ್ತ ಇಳಿದು, ಯಾರ ಕೈಯನ್ನೂ ಹಿಡಿಯದೆ ಬಾಗಿಲ ಕಡೆ ನಡೆದನು. ಜನ ಚಪ್ಪಾಳೆ ತಟ್ಟಿದರು.

ಮರುದಿನ ಅಂಜನನು ಹಟ್ಟಿಗೆ ಹೋದನು. ಹೋಗದೆ ಇರಲು ಆಗಲಿಲ್ಲ, ಹೋಗುವುದೂ ಆಗುತ್ತಿರಲಿಲ್ಲ. ಉಚ್ಚಂಗೆಮ್ಮ ಬಾಗಿಲಲ್ಲೇ ಇದ್ದಳು, ಬಾ ಎನ್ನಲಿಲ್ಲ. "ನನ್ನೆದುರಿಗೇ ಕೂತು ಹೇಳ್ದೆಯಲ್ಲೋ. ನಾನೂ ಹೂಂ ಅಂತ ತಲೆ ಆಡಿಸ್ದೆ," ಎಂದು ಮಾತ್ರ ಹೇಳಿ ಒಳಗೆ ಹೋದಳು. ರೊಪ್ಪದ ಹೊರಗೆ ಬೇವಿನ ಮರದ ಕೆಳಗೆ ಜೋಗಪ್ಪನು ಕೂತಿದ್ದನು. ಚಳ್ಳಕೆರೆಯಿಂದ ಬಂದವನು ಬೇಲಿಯೊಳಗೆ ಕಾಲಿಟ್ಟಿರಲಿಲ್ಲ. ದನಗಳನ್ನು ಜುಂಜಣ್ಣನು ಹೊಡೆದುಕೊಂಡು ಹೋಗಿದ್ದನು. ಹಿರಿಯರು ಸುತ್ತ ಕೂತು ಆಗಲೇ ಮಾತಿಗೆ ಮಾತು ಬೆಳೆಸಿದ್ದರು.

"ಗೊತ್ತಿಲ್ದೆ ಆಗಿದ್ದು ಕಣ್ರಪ್ಪ. ಗೊತ್ತಿಲ್ದೆ ಆಗಿದ್ದಕ್ಕೆ ಏನ್ ದೋಷ?" ಎಂದನು ಸಣ್ಣತಿಮ್ಮಪ್ಪ.

"ಮೈಯಾಗೇ ಇಟ್ಕಂಡು ಅಷ್ಟು ತಿಂಗಳು ರೊಪ್ಪದಾಗೆ ಓಡಾಡಿದ್ದು ಸುಳ್ಳಾ?"

"ರಕ್ತ ಹಾಕಿಸ್ಕಂಡು ಬರಲ್ವಾ ಜನ? ಅದು ಯಾರ್ದೋ ಏನೋ!"

"ಅದು ಬದುಕಿದ್ದೋರ್ದು ಕಣಲೇ, ತಿಳ್ಕಂಡು ಮಾತಾಡು."

"ನೀನು ಬಾಳ ತಿಳ್ಕಂಡಿದ್ದೀಯ ಬಿಡು. ಹೋದ್ವರ್ಷ ಸೂತಕದಾಗೆ ಬಾಡೂಟಕ್ಕೆ ಹೋಗಿದ್ದೋನು."

ಯಜಮಾನ ಪೆದ್ದಣ್ಣನು ಕೈಯೆತ್ತಿ ಎಲ್ಲರ ಬಾಯಿ ಮುಚ್ಚಿಸಿದನು. ಅವನು ಮೃದು ಮನುಷ್ಯ. "ಗಂಜಲ ಹಾಕಿ ರೊಪ್ಪ ಶುದ್ಧ ಮಾಡನ. ಜೋಗಣ್ಣನೂ ಸ್ನಾನ ಮಾಡಿ, ದೇವರಿಗೆ ಕೈಮುಗಿದು ತಪ್ಪಾತು ಅನ್ಲಿ. ಅವ್ನ ಮನಸ್ಸಿನಾಗೆ ಕೊಳೆ ಇಲ್ಲ. ನಾನಂತೂ ಕೋಲು ಇಳಿಸು ಅನ್ನಲ್ಲ," ಎಂದನು.

ಆದರೆ ಜೋಗಪ್ಪನು ತಲೆಯಾಡಿಸಿದನು.

"ಬ್ಯಾಡ ಪೆದ್ದಣ್ಣ. ನಮ್ಮಪ್ಪ ಸತ್ತಾಗ ನಾನು ಮುಖ ನೋಡಕ್ಕೆ ಹೋಗ್ಲಿಲ್ಲ. ಮಣ್ಣು ಹಾಕ್ಲಿಲ್ಲ. ಕಟ್ಟು ಐತೆ ಅಂತ ಆ ದಿಬ್ಬದ ಮ್ಯಾಲೆ ನಿಂತ್ಕಂಡೆ. ಅವತ್ತು ಅಪ್ಪನಿಗೆ ಬಿಗಿಯಾಗಿದ್ದ ಕಟ್ಟು ಇವತ್ತು ನನ್ನ ಕಣ್ಣಿಗೆ ಸಡ್ಲ ಆದ್ರೆ, ನಾನು ಅವತ್ತು ಹೋಗ್ದೇ ಇದ್ದಿದ್ದು ಯಾಕೆ? ಅಪ್ಪನಿಗೆ ಏನ್ ಹೇಳ್ಲಿ?"

ಜೋಗಪ್ಪನು ಪಕ್ಕದಲ್ಲಿದ್ದ ಕೋಲನ್ನು ಎತ್ತಿ ಪೆದ್ದಣ್ಣನ ಮುಂದೆ ಇಟ್ಟನು. ಇಟ್ಟ ಮೇಲೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದು, ಆಮೇಲೆ ಮಂಡಿಯ ಮೇಲೆ ಇಳಿಸಿದನು.

ಜನ ಒಬ್ಬೊಬ್ಬರೇ ಎದ್ದುಹೋದರು. ಅಂಜನನು ಹತ್ತಿರ ಹೋಗಿ ನೆಲದ ಮೇಲೆ ಕೂತನು. "ಮಾವ," ಎಂದು ತೆಲುಗಿನಲ್ಲಿ ಶುರುಮಾಡಿದನು. ಜೋಗಪ್ಪನು ಕನ್ನಡದಲ್ಲಿ ಕೇಳಿದನು:

"ಸತ್ತೋರ ಕಣ್ಣು ತೆಗೆಯೋ ಮುಂಚೆ ಅವ್ರ ಮನೇವ್ರನ್ನ ಕೇಳ್ತೀರಾ ಡಾಕ್ಟ್ರೇ?"

"ಕೇಳ್ತೀವಿ ಮಾವ. ಅವರು ಒಪ್ಪದೆ ಮುಟ್ಟಲ್ಲ."

"ಅಳ್ತಾ ಕೂತಿದ್ರೂ ಕೇಳ್ತೀರಾ?"

"ಕೇಳ್ತೀವಿ."

"ಅಂಥೋರನ್ನೂ ಕೇಳ್ತೀರಿ. ನನ್ನ ಕೇಳ್ಲಿಲ್ಲ."

ಅಂಜನನು ಅತ್ತನು. ಅಳು ಬಂದದ್ದಕ್ಕೂ ನಾಚಿಕೆಯಾಯಿತು. ಕಣ್ಣೊರೆಸಿಕೊಂಡು, "ಕೇಳಿದ್ರೆ ಏನಂತಿದ್ದೆ ಮಾವ?" ಎಂದನು.

"ಈಗ ಎಂಗ್ ಹೇಳ್ಲಿ? ಪೆದ್ದಣ್ಣನ ಕೇಳ್ತಿದ್ದೆ. ದೇವರ ಮುಂದೆ ಕೂಡ್ತಿದ್ದೆ. ಕಣ್ಣು ಬೇಕು ಅಂತಿದ್ನೋ, ದನ ಬೇಕು ಅಂತಿದ್ನೋ... ಅದು ಕೇಳಿದಾಗ ಗೊತ್ತಾಗ್ತಿತ್ತು. ಈಗ ಗೊತ್ತಾಗಲ್ಲ."

"ಹನಿ ಹಾಕೋದು ಮಾತ್ರ ಬಿಡಬೇಡ ಮಾವ. ಬಿಟ್ರೆ ಕಣ್ಣು ಕೆಡುತ್ತೆ."

ಜೋಗಪ್ಪನು ಅಂದು ಮೊದಲ ಸಲ ಅವನ ಮುಖ ನೋಡಿದನು. "ಯಾಕ್ ಬಿಡ್ಲಿ? ಯಾರೋ ತನ್ನ ಮೈಯಿಂದ ಕೊಟ್ಟಿದ್ದು. ನೀನು ಸುಳ್ಳು ಹೇಳ್ದೆ ಅಂತ ಅವ್ರದ್ದನ್ನ ನಾನು ಹಾಳು ಮಾಡ್ಲಾ?"

ಅವನು ಅಂದಿನಿಂದ ಸೂತಕ ಹಿಡಿದನು, ಹೆಸರು ತಿಳಿಯದ ಆ ಒಬ್ಬರಿಗಾಗಿ. ಬೇರೆ ಒಲೆಯ ಮೇಲೆ ಗಂಜಿ ಕಾಯಿಸಿಕೊಂಡನು, ನೆಲದ ಮೇಲೆ ಮಲಗಿದನು. ಕಡೆಯ ದಿನ ತಲೆ ಬೋಳಿಸಿಕೊಳ್ಳುವಾಗ, "ಅಪ್ಪಂದೂ ಇದ್ರಾಗೇ ಆಗ್ಲಿ," ಎಂದನಂತೆ. ಇದನ್ನು ಅಂಜನನು ತಾಯಿಯ ಬಾಯಿಂದ ಕೇಳಿದನು.

ಬೆಂಗಳೂರಿಗೆ ಹಿಂತಿರುಗಿದ ದಿನವೇ ಅವನು ಶಾಂತಕುಮಾರಿಯವರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದನು. ಅವರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. "ಅಷ್ಟು ಜನರ ಮುಂದೆ ನನ್ನ ಬಾಯಿಂದ ಹೇಳಿಸಿದೆ," ಎಂದರು. ಆಮೇಲೆ, "ಕಸಿ ಗಾಜಿನ ಹಾಗಿದೆ ಅಂಜನ್, ನಾನೂ ಅಷ್ಟು ಚೆನ್ನಾಗಿ ಹೊಲಿಯುತ್ತಿದ್ದೆನೋ ಇಲ್ಲವೋ. ಅದಕ್ಕೇ ಇನ್ನೂ ಬೇಸರ," ಎಂದು, ತಾವು ಹೇಳುವವರೆಗೂ ಚಾಕು ಮುಟ್ಟಬಾರದೆಂದು ಆಜ್ಞೆ ಮಾಡಿದರು. ಅವನು ದಿನವೂ ರೇಣುಕಮ್ಮನ ಪಕ್ಕದ ಕುರ್ಚಿಯಲ್ಲಿ ಕೂತು, ಅವಳು ಕೇಳುವ ರೀತಿಯನ್ನು ಕೇಳಿಸಿಕೊಳ್ಳತೊಡಗಿದನು. ಅವಳು ಅವನನ್ನು ಬಯ್ಯಲಿಲ್ಲ. "ಎಲ್ಲಾ ಹೇಳಿದ್ರಾ ಸಾರ್?" ಎಂದು ಮತ್ತೆ ಯಾವತ್ತೂ ಕೇಳಲೂ ಇಲ್ಲ.

ಹೊಲಿಗೆ ಬಿಚ್ಚುವ ಕಾಲ ಬಂದಾಗ ಜೋಗಪ್ಪನು ಚಳ್ಳಕೆರೆಯ ತಪಾಸಣೆಗೆ ಬಂದನು. ಈಗ ಅವನು ರಾಂಪುರದ ರಸ್ತೆಯ ಬದಿಯಲ್ಲಿ ಯಾರದೋ ದಾಳಿಂಬೆ ತೋಟ ಕಾಯುತ್ತಿದ್ದನು. ಕಾಲಲ್ಲಿ ಹೊಸ ಚಪ್ಪಲಿ. ಕಿಲಾರಿ ಚಪ್ಪಲಿ ಮೆಟ್ಟುವುದಿಲ್ಲ. ಆ ಪಾದಗಳು ಆವರೆಗೆ ಚಪ್ಪಲಿ ಕಂಡಿರಲಿಲ್ಲ. ಹಿಮ್ಮಡಿ ಎರಡೂ ಸುಲಿದು ಕೆಂಪಗಾಗಿದ್ದವು. ಮಗುವಿನಂತೆ ಹೆಜ್ಜೆ ಎತ್ತಿ ಇಡುತ್ತ ಬಂದು ಬೆಂಚಿನ ಮೇಲೆ ಕೂತನು.

ಅಂಜನನು ಎದ್ದುನಿಂತನು. ಜೋಗಪ್ಪನು ರೇಣುಕಮ್ಮನ ಕಡೆ ತಿರುಗಿ, "ಇನ್ನೊಬ್ರು ಡಾಕ್ಟ್ರಮ್ಮ ಇದ್ರಲ್ಲ, ಅವ್ರ ಕೈಲಿ ಬಿಚ್ಚಿಸ್ರವ್ವ," ಎಂದನು. ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಬೆಲ್ಲ ಕೇಳುವವನ ಹಾಗೆ ಕೇಳಿದನು.

ಕಾವ್ಯ ಅವನನ್ನು ಒಳಗೆ ಕರೆದುಕೊಂಡು ಹೋದಳು. ಅಂಜನನು ಹೊರಗೆ ಗೋಡೆಗೆ ಒರಗಿ ನಿಂತನು. ಒಳಗಿನಿಂದ ಕಾವ್ಯಳ ದನಿ ಕೇಳಿಸುತ್ತಿತ್ತು: "ಈಗ ಚುಚ್ಚಿದ ಹಾಗೆ ಆಗುತ್ತೆ ಅಜ್ಜ, ಹೆದರಬೇಡಿ. ಯಾಕೆ ಬಿಚ್ಚುತ್ತೇನೆ ಗೊತ್ತಾ?" ಜೋಗಪ್ಪನು, "ಹೇಳವ್ವ, ಎಲ್ಲಾ ಹೇಳು. ಆಮ್ಯಾಲೆ ಮಾಡು," ಎನ್ನುತ್ತಿದ್ದನು. ಒಂದೊಂದಾಗಿ ಅವಳು ಹೇಳುತ್ತ ಹೋದಳು. ಅವನು ಪ್ರತಿಯೊಂದಕ್ಕೂ ಮರುಪ್ರಶ್ನೆ ಹಾಕುತ್ತ ಹೋದನು. ಹೊರಗಿನ ಸಾಲಿನಲ್ಲಿ ಕಾಯುತ್ತಿದ್ದವರು, "ಈ ಮುದುಕಪ್ಪ ಬಿಡಲ್ಲ ಇವತ್ತು," ಎಂದು ಗೊಣಗಿದರು.

ಹೊರಗೆ ಬಂದಾಗ ಕಣ್ಣಿನಲ್ಲಿ ನೀರಾಡುತ್ತಿತ್ತು. ಬಾಗಿಲಲ್ಲಿ ನಿಂತು, ಬೆಳಕಿಗೆ ಹೊಂದಿಕೊಳ್ಳುವವರೆಗೂ ರೆಪ್ಪೆ ಬಡಿದು, ಎದುರಿಗಿದ್ದ ಅಂಜನನ ಮುಖವನ್ನು ಬಹಳ ಹೊತ್ತು ನೋಡಿದನು.

"ಬಡವಾಗಿದ್ದೀರಿ ಡಾಕ್ಟ್ರೇ. ಹೊತ್ತಿಗೆ ಸರಿಯಾಗಿ ಉಣ್ರಿ."

ಅಷ್ಟು ಹೇಳಿ ಬಸ್ ನಿಲ್ದಾಣದ ಕಡೆ ಹೊರಟನು. ಅಲ್ಲುಡಾ ಎಂದು ಕರೆದಾನೇನೋ ಎಂದು ಅಂಜನನು ಗೇಟಿನವರೆಗೂ ಹಿಂದೆ ಹೋದನು.